ಜೈತುನಬಿ ಹೊಲಿದ ವರ್ಕೌಟ್ ಡ್ರೆಸ್ಸು

ಇಪ್ಪತ್ತಾರು ವರ್ಷದಲ್ಲಿ ಜೈತುನಬಿ ಹೊಲಿದ ಒಂದೇ ಒಂದು ಬಟ್ಟೆಯೂ ವಾಪಸ್ ಬಂದಿರಲಿಲ್ಲ. ಈ ಸಂಗತಿ ಆಳಂದದಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾಕೆಂದರೆ ಎಲ್ಲರಿಗೂ ಅವಳೇ ಹೇಳಿದ್ದಳು. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಅವಳ ಅಂಗಡಿ. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಒಂದು ಕಾಲ್ಮಷೀನು, ಬಟ್ಟೆ ಕತ್ತರಿಸುವ ಮೇಜು, ಗೋಡೆಗೊಂದು ನಿಲುಗನ್ನಡಿ, ಮೂಲೆಯಲ್ಲಿ ಅಳತೆಗೆಂದು ಹೂವಿನ ಪರದೆ. ಬಂದ ಗಿರಾಕಿ ಚಪ್ಪಲಿ ಬಿಡುವುದರೊಳಗೆ ಆಕೆಯ ಮಾತು ಶುರು.

“ವಾಪಸ್ ಅನ್ನೋದು ಈ ಹೊಸ್ತಿಲಾ ದಾಟಿಲ್ಲ ನೋಡವ್ವಾ. ನೀ ಬೇಕಾರ ಎದುರಿನವ್ರನ್ನ ಕೇಳು.”

ಎದುರಿನವರು ಎಂದರೆ ಗೌಸಮೊಹಿದ್ದೀನ ಮಾಸ್ತರ. ಗಲ್ಲಿಯ ಆಚೆ ಬದಿಗೆ ಅವನ ಅಂಗಡಿ, ಜೆಂಟ್ಸ್ ಮತ್ತು ಲೇಡೀಸ್ ಎರಡೂ. ಕರೆಂಟಿನ ಮಷೀನು, ಗಾಜಿನ ಬಾಗಿಲು, ಬಾಗಿಲ ಮೇಲೆ ಕೋಟು ತೊಟ್ಟ ಗಂಡಸಿನ ಚಿತ್ರ. ಹದಿನೈದು ವರ್ಷದಿಂದ ಅವನು ಒಂದು ಕಣ್ಣು ತನ್ನ ಸೂಜಿಯ ಮೇಲೆ, ಇನ್ನೊಂದು ಕಣ್ಣು ಜೈತುನಬಿಯ ಹೊಸ್ತಿಲ ಮೇಲೆ ಇಟ್ಟುಕೊಂಡು ಕೂತಿದ್ದ. ಯಾರಾದರೂ ಚೀಲ ಹಿಡಿದು ಆ ಮನೆಯತ್ತ ನಡೆದರೆ ಸಾಕು, ಅವನ ಮಷೀನು ತಾನೇ ನಿಂತುಬಿಡುತ್ತಿತ್ತು.

“ಒಂದಿಲ್ಲ ಒಂದಿನ ಬರ್ತದ ಆಪಾ,” ಎನ್ನುತ್ತಿದ್ದ. “ನಾ ಎಲ್ಲಿ ಹೋಗೂದಿಲ್ಲ. ಇಲ್ಲೇ ಕುಂತೇನಿ.”

“ಕುಂದ್ರಪ್ಪಾ ಕುಂದ್ರು. ಕುಂತು ಕುಂತು ನಿನ್ನ ಪ್ಯಾಂಟ್ ಸವೀತದ, ನನ್ನ ಹೊಲಿಗಿ ಸವ್ಯಂಗಿಲ್ಲ.”

ಜೈತುನಬಿಗೆ ಇನ್ನೊಂದು ಹಟವೂ ಇತ್ತು. ಗಿರಾಕಿ ಹೇಳಿದ ಮಾತಿನ ಅರ್ಥವನ್ನು ಅವಳು ಎಂದೂ ಗಿರಾಕಿಯನ್ನೇ ಕೇಳಿದವಳಲ್ಲ. “ಜ್ವರ ಅಂದ್ರ ಏನ್ರಿ ಅಂತ ಡಾಕ್ಟರ್ ಪೇಶೆಂಟಿಗೆ ಕೇಳ್ತಾನೇನು?” ಎಂಬುದು ಅವಳ ವಾದ. ಯಾವ ಮಾತು ಬಂದರೂ “ತಿಳೀತು ತಿಳೀತು” ಅಂದುಬಿಡುವಳು. ಗಿರಾಕಿ ಹೋದ ಮೇಲೆ ಮೇಜಿನ ಮೇಲೆ ಮೊಳಕೈ ಊರಿ ವಿಚಾರ ಮಾಡುವಳು.

ಸೋಜಿಗವೆಂದರೆ ಆ ವಿಚಾರ ಪ್ರತಿ ಸಲವೂ ಸರಿಯಾಗಿ ಹೋಗಿ ಮುಟ್ಟುತ್ತಿತ್ತು. ಮೊದಲ ಸಲ ಯಾರೋ ಟೀಚರಮ್ಮ ‘ಬೋಟ್ ನೆಕ್’ ಬ್ಲೌಸ್ ಕೇಳಿದಾಗ ಜೈತುನಬಿಗೆ ತನ್ನ ತವರು ನೆನಪಾಗಿತ್ತು. ಅಫಜಲಪುರದ ಕಡೆ, ಭೀಮಾ ನದಿಯ ದಂಡೆಯ ಹಳ್ಳಿ. ಮಳೆಗಾಲದಲ್ಲಿ ದಾಟಿಸುತ್ತಿದ್ದ ದೋಣಿ ಎರಡು ತುದಿಗೆ ಎತ್ತರ, ನಡುವೆ ತಗ್ಗು. ಹಾಗೇ ಕುತ್ತಿಗೆ ಕತ್ತರಿಸಿದಳು, ಟೀಚರಮ್ಮ ಕನ್ನಡಿ ಮುಂದೆ ನಿಂತು ಖುಷಿಯಾಗಿ ಎರಡು ಸುತ್ತು ತಿರುಗಿದಳು. ‘ಅಂಬ್ರೆಲಾ ಕಟ್’ ಬಂದಾಗ ಮನೆಯ ಛತ್ರಿ ಬಿಚ್ಚಿ ನೆಲಕ್ಕೆ ಕವುಚಿ ಅಳೆದಳು. ‘ಪಫ್ ತೋಳು’ ಬಂದಾಗ ಬೇಕರಿಯಿಂದ ಒಂದು ಪಫ್ಸ್ ತರಿಸಿ, ಮೇಜಿನ ಮೇಲಿಟ್ಟು, ಎಲ್ಲಿ ಉಬ್ಬಿದೆ ಎಲ್ಲಿ ಮಡಚಿದೆ ನೋಡಿ, ಆಮೇಲೆ ತಿಂದಳು. ಅದೂ ಸರಿಯಾಯಿತು. ಹೀಗೆ ಸರಿಯಾಗುತ್ತಲೇ ಹೋದರೆ ಮನುಷ್ಯರಿಗೆ ಕೇಳುವ ಅಭ್ಯಾಸ ಎಲ್ಲಿಂದ ಬರಬೇಕು?

ಒಂದು ಸೋಮವಾರ ಮುಂಜಾನೆ ವಿಜಯಶ್ರೀ ಬಿರುಗಾಳಿಯ ಹಾಗೆ ಒಳಗೆ ಬಂದಳು. ಅದೇ ಗಲ್ಲಿಯ ಕೊನೆಯ ಮನೆಯ ಹುಡುಗಿ. ಕಡಗಂಚಿಯ ಯೂನಿವರ್ಸಿಟಿ ಆಫೀಸಿನಲ್ಲಿ ಕೆಲಸ, ದಿನಾ ಬಸ್ಸಿನಲ್ಲಿ ಹೋಗಿ ಬರುವವಳು, ಇನ್ನೂ ಮದುವೆಯಾಗಿಲ್ಲ. ಗಲ್ಲಿಯ ಹುಡುಗಿಯರೆಲ್ಲ ಜೈತುನಬಿಯನ್ನು ಖಾಲಾ ಅಂತ, ಚಿಕ್ಕಮ್ಮ ಅಂತಲೇ ಕರೆಯುತ್ತಿದ್ದರು.

“ಖಾಲಾ, ನನಗೊಂದು ವರ್ಕೌಟ್ ಡ್ರೆಸ್ ಹೊಲ್ದು ಕೊಡ್ರಿ,” ಎಂದು ನೀಲಿ ಹತ್ತಿ ಬಟ್ಟೆಯ ಕಟ್ಟು ಮೇಜಿನ ಮೇಲೆ ಹಾಕಿದಳು. “ಅಂಗಡ್ಯಾಗಿನವು ಮೈಗೆ ಅಂಟ್ಕೊಂಡು ಕುಂದ್ರತಾವು. ನಮ್ಮವ್ವ ನೋಡಿದ್ರ ನನ್ನ ಹೊರಗ ಹಾಕ್ತಾಳ. ಸಡಲ ಇರ್ಲಿ, ನಾಲ್ಕ ಮಂದ್ಯಾಗ ಮಾನ ಇರ್ಲಿ.”

“ತಿಳೀತು ತಿಳೀತು,” ಅಂದಳು ಜೈತುನಬಿ, ಒಂದು ಚೂರೂ ತಿಳಿಯದೆ.

“ಐತವಾರ ಮುಂಜಾನಿಗೆ ಬೇಕೇ ಬೇಕ್ರಿ. ಇಪ್ಪತ್ತು ಮಂದಿ ಮುಂದ ನಿಲ್ಲೋದದ. ಎಲ್ಲಾರೂ ನನ್ನೇ ನೋಡ್ತಿರ್ತಾರ, ನನಗ ಈಗ್ಲೇ ಎದಿ ಡವಡವ ಅಂತದ.”

ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿತು. ವಿಜಯಶ್ರೀ ಬಂದಂತೆಯೇ ಹೋದಳು. ಅವಳ ಅಳತೆ ಪುಸ್ತಕದಲ್ಲಿ ಮೊದಲೇ ಇತ್ತು. ಜೈತುನಬಿ ನೀಲಿ ಬಟ್ಟೆಯ ಮುಂದೆ ಮೊಳಕೈ ಊರಿದಳು.

‘ವರ್ಕ್’ ಅಂದರೆ ಗೊತ್ತು. ಅದು ಗೊತ್ತಿಲ್ಲದ ಟೇಲರ್ ಉಂಟೇ? ಬ್ಲೌಸಿನ ಮೇಲೆ ಆರಿ ವರ್ಕ್, ಜರಿ ವರ್ಕ್, ಕನ್ನಡಿ ವರ್ಕ್. ಮದುವೆ ಸೀಜನ್ ಬಂತೆಂದರೆ ಹೆಣ್ಣುಮಕ್ಕಳು “ವರ್ಕ್ ಹಾಕ್ರಿ, ಸಾದಾ ಬ್ಯಾಡ” ಅಂತ ಸಾಲಾಗಿ ನಿಲ್ಲುತ್ತಾರೆ. ಆದರೆ ಈ ‘ಔಟ್’ ಎಲ್ಲಿಂದ ಬಂತು?

ಜೋಳಿಗೆಯಲ್ಲಿ ಕೂಸನ್ನು ತೂಗುತ್ತಿದ್ದ ಸೊಸೆ ನೂರೀನ ಅಲ್ಲಿಂದಲೇ ಹೇಳಿದಳು. ಅವಳ ಗಂಡ ಮುಸ್ತಕೀಮ ಗಡಿಯ ಖಜೂರಿ ದಾಟಿ ಮಹಾರಾಷ್ಟ್ರಕ್ಕೆ ಲಾರಿ ಓಡಿಸುವವನು, ವಾರಕ್ಕೊಮ್ಮೆ ಮನೆಗೆ ಬರುವವನು. ಕೂಸು ಮಹೆಕ, ಏಳು ತಿಂಗಳು, ಎರಡು ಹಲ್ಲು.

“ಅಮ್ಮೀ, ವರ್ಕೌಟ್ ಅಂದ್ರ ಕಸರತ್ತ್ರಿ. ಮೈ ಬಗ್ಗಸೋದು, ಜಿಗಿಯೋದು. ನನ್ನ ಫೋನಿನ್ಯಾಗ ಅದ, ಬಾಣಂತ್ಯಾರು ಹೊಟ್ಟಿ ಕರಗಿಸಾಕ ಮಾಡ್ತಾರ.”

ಜೈತುನಬಿ ಸೊಸೆಯನ್ನು ಪ್ರೀತಿಯಿಂದಲೇ ನೋಡಿದಳು. ಪಾಪ, ರಾತ್ರಿಯೆಲ್ಲ ಕೂಸು ಮಲಗಲು ಬಿಟ್ಟಿಲ್ಲ, ಅದಕ್ಕೆ ಏನೇನೋ ಅನ್ನುತ್ತಾಳೆ.

“ಕಸರತ್ ಮಾಡೋರು ಟೇಲರ್ ಹತ್ರ ಯಾಕ್ ಬರ್ತಾರ ಬೇ? ನಮ್ಮೂರ ಪೈಲ್ವಾನ್ರು ಏನ್ ಹೊಲಸ್ತಿದ್ರು ಹೇಳು. ಲಂಗೋಟಿ! ಈಗ ಆ ಹುಡಿಗಿಗಿ ನಾ ಲಂಗೋಟಿ ಹೊಲ್ದು ಕೊಡ್ಲೇನು?”

ನೂರೀನ ಬಾಯಿಗೆ ಸೆರಗು ಒತ್ತಿಕೊಂಡಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಜೈತುನಬಿ ಗಂಡನನ್ನು ಉಪಾಯವಾಗಿ ತಡವಿದಳು. ಅಬ್ದುಲ್ ಗನಿ ಸರ್ಕಾರಿ ಬಸ್ಸಿನ ಡ್ರೈವರಾಗಿ ನಿವೃತ್ತನಾದವನು. ಲೋಕದ ಯಾವ ಪ್ರಶ್ನೆಯನ್ನೂ ಡಿಪೋಕ್ಕೆ ತಂದು ನಿಲ್ಲಿಸದೆ ಅವನಿಗೆ ಸಮಾಧಾನವಿಲ್ಲ.

“ಅಜೀ, ಔಟ್ ಅಂದ್ರ ಏನಂತ ನಿಮಗ ಗೊತ್ತದೋ ಇಲ್ಲೋ ನೋಡೂಣು.”

“ಅದೇನು ಕೇಳ್ತಿ? ಡಿಪೋಕ್ಕ ಎರಡು ಗೇಟು. ಒಂದು ಇನ್, ಒಂದು ಔಟ್. ಔಟ್ ಗೇಟಿಲೆ ಹೋದ ಗಾಡಿ ಡಿಪೋದಾಗ ಇರಂಗಿಲ್ಲ.”

“ಮತ್ತ ವರ್ಕ್ ಔಟ್ ಅಂದ್ರ?”

“ವರ್ಕ್ ಔಟ್ ಗೇಟಿಲೆ ಹೋತು. ಅಂದ್ರ ವರ್ಕ್ ಇಲ್ಲ. ಸಾದಾ ಡ್ರೆಸ್. ಮುಗೀತು,” ಎಂದು ಅಬ್ದುಲ್ ಗನಿ ರೊಟ್ಟಿ ಮುರಿದ.

ದಾರಿ ಪೂರ್ತಿ ತಪ್ಪಿದ್ದರೂ ಅವನು ಸರಿಯಾದ ಊರಿಗೇ ಹೋಗಿ ಮುಟ್ಟಿದ್ದ. ಆದರೆ ಜೈತುನಬಿ ಒಪ್ಪಬೇಕಲ್ಲ.

“ಡಿಪೋ ಬಿಟ್ಟ ಗಾಡಿ ಎಲ್ಲಿಗ್ ಹೋಗ್ತದ?”

“ರೋಡಿಗೆ.”

“ರೋಡಿನ್ಯಾಗ ಮಂದಿ ಕಣ್ಣಿಗೆ ಬೀಳ್ತದೋ ಇಲ್ಲೋ?”

“ಬೀಳ್ತದ.”

“ಹಂಗಾರ ವರ್ಕ್ ಮಂದಿ ಕಣ್ಣಿಗೆ ಬೀಳೋ ಹಂಗ ಹೊರಗಿನ ಬದಿಗೆ ಇರ್ಬೇಕು. ನೀವ ಹೇಳಿದ್ರಲ್ಲ!”

ಅಬ್ದುಲ್ ಗನಿ ರೊಟ್ಟಿಯ ತುಣುಕನ್ನು ಕೈಯಲ್ಲೇ ಹಿಡಿದು, ತಾನು ಹೇಳಿದ್ದು ಅದೇ ಏನು ಎಂದು ಸ್ವಲ್ಪ ಹೊತ್ತು ವಿಚಾರ ಮಾಡಿದ. ಮೂವತ್ತು ವರ್ಷದ ಸಂಸಾರದಲ್ಲಿ ಅವನಿಗೆ ಇದು ಹೊಸದೇನಲ್ಲ.

ಆದರೂ ಒಂದು ಸಣ್ಣ ಅನುಮಾನ ಉಳಿದಿತ್ತು. ಬುಧವಾರ ಅದನ್ನೂ ಬಸವಂತರಾಯರು ತೊಳೆದುಬಿಟ್ಟರು. ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲೂಕಿನಲ್ಲಿ ಗಂಡು ಹೆಣ್ಣು ಕೂಡಿಸುವುದೇ ಅವರ ಉದ್ಯೋಗ. ಹೆಂಡತಿಯ ಬ್ಲೌಸ್ ಒಯ್ಯಲು ಬಂದವರು ಹೊಸ್ತಿಲಲ್ಲೇ ನಿಂತು ಫೋನಿನಲ್ಲಿ ಊರಿಗೆಲ್ಲ ಕೇಳುವ ಹಾಗೆ ಮಾತಾಡುತ್ತಿದ್ದರು.

“ಇಲ್ರಿ ಇಲ್ರಿ, ಜೇವರ್ಗಿದು ವರ್ಕೌಟ್ ಆಗ್ಲಿಲ್ರಿ. ಹುಡುಗ ಭಾಳ ಗಿಡ್ಡ. ಅಫಜಲಪುರದ್ದು ನೂರಕ್ಕ ನೂರು ವರ್ಕೌಟ್ ಆಗ್ತದ. ಐತವಾರ ಮಂದೀನ ಕರ್ಕೊಂಡ್ ಬರ್ತೇನಿ.”

ಜೈತುನಬಿಯ ಕೈಯ ಸೂಜಿ ನಿಂತಿತು. ಐತವಾರ! ಮಂದಿ!

“ರಾಯರೇ,” ಅಂದಳು, ಏನೂ ಅರಿಯದವಳಂತೆ. “ನಮ್ಮ ನೂರೀನ ಕೇಳಾಕತ್ತಿದ್ಲು. ನನಗೇನೋ ಗೊತ್ತದ. ಅಕಿಗಿ ನೀವ ಒಂದ್ ಸಲ ಹೇಳ್ಬಿಡ್ರಿ, ವರ್ಕೌಟ್ ಅಂದ್ರ ಏನ್ರಿ?”

“ಏನದ ಅದ್ರಾಗ? ಗಂಡಿನವ್ರು ಬಂದ್ರು, ಹೆಣ್ಣು ನೋಡಿದ್ರು, ಚಹಾ ಕುಡದ್ರು, ಹೂಂ ಅಂದ್ರು. ವರ್ಕೌಟ್ ಆತು. ಊಹೂಂ ಅಂದ್ರು. ವರ್ಕೌಟ್ ಆಗ್ಲಿಲ್ಲ.”

ಎಲ್ಲವೂ ಹೊಲಿಗೆ ಬಿದ್ದ ಹಾಗೆ ಕೂಡಿಬಂತು. ಐತವಾರ ಮುಂಜಾನೆ. ಇಪ್ಪತ್ತು ಮಂದಿ. ಎಲ್ಲಾರೂ ನನ್ನೇ ನೋಡ್ತಿರ್ತಾರ. ಎದಿ ಡವಡವ. ನಾಲ್ಕ ಮಂದ್ಯಾಗ ಮಾನ. ಪಾಪದ ಹುಡುಗಿ ನಾಚಿಕೊಂಡು ಹೆಣ್ಣು ನೋಡುವ ಮಾತನ್ನು ಇಂಗ್ಲಿಷಿನಲ್ಲಿ ಮುಚ್ಚಿ ಹೇಳಿದ್ದಾಳೆ! ಜೈತುನಬಿಯ ಕಣ್ಣಲ್ಲಿ ಪಟ್ಟನೆ ನೀರು ಬಂತು. ಇದೇ ವಿಜಯಶ್ರೀಗೆ ಮೊದಲ ಹುಟ್ಟುಹಬ್ಬದ ಫ್ರಾಕು ಹೊಲಿದವಳು ಅವಳೇ. ಆ ಫ್ರಾಕಿನ ಮೇಲೆ ಕೂಸು ಪಾಯಸ ಚೆಲ್ಲಿಕೊಂಡು ಅತ್ತದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಬೇರೆ ಎಲ್ಲ ಬಟ್ಟೆಗಳನ್ನೂ ಪಕ್ಕಕ್ಕೆ ಸರಿಸಿ ಜೈತುನಬಿ ವರ್ಕೌಟ್ ಡ್ರೆಸ್ಸಿಗೆ ಕೂತಳು. ಅವಳ ಲೆಕ್ಕಾಚಾರ ಹೀಗಿತ್ತು. ಹೆಣ್ಣು ಮೊದಲು ಚಹಾದ ಟ್ರೇ ಹಿಡಿದು ಬರುತ್ತಾಳೆ, ಆಗ ಕಾಣುವುದು ಮುಂಗೈ. ಹಾಗಾಗಿ ತೋಳಿನ ಅಂಚಿಗೆ ನಾಲ್ಕು ಬೆರಳಗಲ ಜರಿ. ಟ್ರೇ ಇಡಲು ಬಗ್ಗುತ್ತಾಳೆ, ಆಗ ಕಾಣುವುದು ಕುತ್ತಿಗೆ. ಅಲ್ಲಿಗೆ ಕನ್ನಡಿ ವರ್ಕ್, ಮೂವತ್ತೆರಡು ಬಿಲ್ಲೆ. ಆಮೇಲೆ ಎದ್ದು ಒಳಗೆ ಹೋಗುತ್ತಾಳೆ. ಅದೇ ದೊಡ್ಡ ಕ್ಷಣ. ಅತ್ತೆಯಾಗುವವಳು ತೀರ್ಮಾನ ಮಾಡುವುದೇ ಒಳಗೆ ಹೋಗುವ ಹುಡುಗಿಯ ಬೆನ್ನು ನೋಡಿ. ಬೆನ್ನಿಗೆ ಗರಿ ಬಿಚ್ಚಿದ ನವಿಲು. ಹೆಜ್ಜೆ ಇಟ್ಟರೆ ಲಕ್ಷ್ಮಿ ನಡೆದ ಹಾಗೆ ಕೇಳಬೇಕೆಂದು ಸಲ್ವಾರಿನ ಕಾಲಿನಂಚಿಗೆ ಸಣ್ಣ ಗೆಜ್ಜೆ, ಒಂದೊಂದು ಕಾಲಿಗೆ ಇಪ್ಪತ್ತೊಂದು.

“ಅಮ್ಮೀ, ಇದನ್ನ ಹಾಕ್ಕೊಂಡು ಜಿಗಿಯಾಕ ಆಗ್ತದೇನ್ರಿ?” ಎಂದು ನೂರೀನ ಇನ್ನೊಂದು ಸಲ ಪ್ರಯತ್ನಿಸಿದಳು.

“ಲಗ್ನ ಗಟ್ಟಿ ಆದ್ರ ಜಿಗೀದ ಏನ್ ಮಾಡ್ತಾಳ? ಖುಷಿಲೆ ಜಿಗೀತಾಳ,” ಅಂದಳು ಅತ್ತೆ. ಮಹೆಕ ನವಿಲಿನ ಗರಿಯೊಂದನ್ನು ಹಿಡಿದು ಬಾಯಿಗೆ ಹಾಕಿಕೊಂಡಿತು. ಎರಡು ಹಲ್ಲಿನ ಗುರುತು ಬಿದ್ದ ಕಡೆ ಜೈತುನಬಿ ಇನ್ನೊಂದು ಹಸಿರು ದಾರ ಎಳೆದು ಮುಚ್ಚಿದಳು. ಅದೇ ಎಲ್ಲಕ್ಕಿಂತ ಚೆಂದ ಕಂಡಿತು.

ಶನಿವಾರ ಸಂಜೆ ವಿಜಯಶ್ರೀ ಬಸ್ಸಿಳಿದು ಬಂದಳು. ಜೈತುನಬಿ ಡ್ರೆಸ್ಸನ್ನು ಹಳೆಯ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಚೀಲಕ್ಕೆ ಹಾಕಿ ತಯಾರಾಗಿ ಇಟ್ಟಿದ್ದಳು. ದೃಷ್ಟಿಯಾಗಬಾರದಲ್ಲ.

“ಇಲ್ಲಿ ಬಿಚ್ಚಬ್ಯಾಡವ್ವಾ. ನಾಳಿಗೇ ಬಿಚ್ಚು,” ಅಂದಳು. ಹುಡುಗಿಯ ತಲೆಯ ಮೇಲೆ ಕೈಯಿಟ್ಟು, “ಅಲ್ಲಾ ನಿನ್ನ ವರ್ಕೌಟ್ ಛಲೋ ಮಾಡ್ಲಿ.”

ವಿಜಯಶ್ರೀಗೆ ಸ್ವಲ್ಪ ಆಶ್ಚರ್ಯವಾಯಿತು. ಆದರೆ ಹಿರಿಯರ ಆಶೀರ್ವಾದ ಬೇಡವೆನ್ನುವುದುಂಟೆ?

“ಹೂಂ ಖಾಲಾ. ಒಂದಿನಕ್ಕ ಮುಗಿಯಂಗಿಲ್ರಿ ಇದು. ದಿನಾ ಮಾಡ್ಬೇಕಂತ.”

“ದಿನಾ?”

“ದಿನಾ ಮುಂಜಾನಿ ಅರ್ಧಾ ತಾಸು. ಮೂರು ತಿಂಗಳು ಬಿಡದಂಗ ಮಾಡಿದ್ರ ಫರಕ್ ಕಾಣ್ತದಂತ.”

ಅವಳು ಹೋಗಿಬಿಟ್ಟಳು. ಜೈತುನಬಿ ಬಾಗಿಲು ಹಿಡಿದು ನಿಂತಳು. ದಿನಾ ಮುಂಜಾನೆ ಇಪ್ಪತ್ತು ಮಂದಿ, ಮೂರು ತಿಂಗಳು! ಇಷ್ಟು ಗಂಡುಗಳು ಕಲಬುರಗಿ ಜಿಲ್ಲೆಯಲ್ಲಿ ಇದ್ದಾರೇನು? ಬಸವಂತರಾಯರು ಎಲ್ಲಿಂದ ತರುತ್ತಾರೆ?

ಅವಳು ಬಾಗಿಲು ಬಿಟ್ಟು ಒಳಗೆ ಬಂದಳು.

“ನೂರೀನ,” ಎಂದು ಮೆಲ್ಲಗೆ ಕರೆದಳು. “ಅದೇನೋ ಫೋನಿನ್ಯಾಗ ಅದ ಅಂತಿದ್ದೆಲ್ಲ...”

ಅಷ್ಟು ಹೇಳಿ, “ಏನಿಲ್ಲ ಬಿಡು, ಕೂಸಿಗಿ ಹಾಲ್ ಕುಡಸು,” ಎಂದು ಮಾತು ತಿರುಗಿಸಿದಳು. ಇಪ್ಪತ್ತಾರು ವರ್ಷದ ಹಟ ಒಂದು ಸಂಜೆಗೆ ಸಡಿಲಾಗುವಂಥದ್ದಲ್ಲ.

ಐತವಾರ ಒಂಬತ್ತು ಗಂಟೆಗೆ ಗಲ್ಲಿಯ ತುದಿಯಿಂದ ಝಲ್ ಝಲ್ ಎಂದು ಸದ್ದು ಬಂತು. ಯಾರದೋ ಎತ್ತು ಬಿಚ್ಚಿಕೊಂಡು ಬಂತೆಂದು ಕೆಲವರು ಬಾಗಿಲಿಗೆ ಬಂದರು. ಬಂದದ್ದು ವಿಜಯಶ್ರೀ. ಮೈಮೇಲೆ ವರ್ಕೌಟ್ ಡ್ರೆಸ್ಸು, ಕಾಲಲ್ಲಿ ಓಡುವ ಬೂಟು, ಹಣೆ ತುಂಬ ಬೆವರು. ಮೂವತ್ತೆರಡು ಕನ್ನಡಿಯಲ್ಲೂ ಒಂದೊಂದು ಸೂರ್ಯ. ಎದುರಿನ ಗೋಡೆಗಳ ಮೇಲೆ ಬೆಳಕಿನ ಚುಕ್ಕೆಗಳು ಓಡಾಡುತ್ತಿದ್ದವು. ಒಂದು ಚುಕ್ಕೆ ಗೌಸಮೊಹಿದ್ದೀನನ ಕಣ್ಣಿಗೇ ಬಿತ್ತು. ಅವನ ಮಷೀನು ನಿಂತಿತು.

ಹದಿನೈದು ವರ್ಷ ಕಾದವನು ಎರಡೇ ಹೆಜ್ಜೆಗೆ ಗಲ್ಲಿ ದಾಟಿದ.

“ಏನ್ ಆಪಾ! ವಾಪಸ್ ಬಂತಲ್ಲ!”

ಜೈತುನಬಿಯ ಎದೆ ಮಷೀನಿನ ಚಕ್ರದ ಹಾಗೆ ತಿರುಗಿತು. ಹುಡುಗಿಯ ಮುಖ ನೋಡಿದರೇ ಗೊತ್ತಾಗುತ್ತಿತ್ತು, ಇದು ಲಗ್ನ ಗಟ್ಟಿಯಾಗಿ ಹಣ್ಣು ಕಾಯಿ ಹಿಡಿದು ಬಂದ ಮುಖವಲ್ಲ. ಆದರೂ ಅವಳ ಬಾಯಿ ಎದೆಗಿಂತ ಚುರುಕು.

“ಎಲ್ಲಿ ವಾಪಸ್? ಚೀಲದಾಗ ಅದ ಏನು?”

“ಚೀಲದಾಗ ಇಲ್ಲ, ಖರೆ...”

“ಕೈಯಾಗ ಅದ ಏನು?”

“ಮೈಮ್ಯಾಲ ಅದ.”

“ಹಾಂ! ಚೀಲದಾಗ ಬಂದದ್ದು ವಾಪಸ್. ಮೈಮ್ಯಾಲ ಬಂದದ್ದು ಗಿರಾಕಿ. ಅಷ್ಟೂ ಗೊತ್ತಿಲ್ಲ, ಮಾಸ್ತರ ಅಂತ ಬೋರ್ಡ್ ಹಾಕ್ಯಾನ. ನೀ ಒಳಗ ಬಾ ಅವ್ವಾ.”

ಹುಡುಗಿಯನ್ನು ಒಳಗೆಳೆದು ಪರದೆ ಮುಚ್ಚಿದಳು. ವಿಜಯಶ್ರೀ ಅಲ್ಲೇ ನೆಲಕ್ಕೆ ಕೂತಳು. ಅಳುತ್ತಾಳೋ ಬಯ್ಯುತ್ತಾಳೋ ಎಂದು ಜೈತುನಬಿ ಉಸಿರು ಹಿಡಿದಳು. ವಿಜಯಶ್ರೀ ನಗಲು ಶುರು ಮಾಡಿದಳು. ನಕ್ಕ ಹಾಗೆಲ್ಲ ಗೆಜ್ಜೆಗಳೂ ನಕ್ಕವು. ಕೊನೆಗೆ ಕಣ್ಣೊರೆಸಿಕೊಂಡು ಹೇಳತೊಡಗಿದಳು.

“ಮುಂಜಾನಿ ಕರೆಂಟ್ ಇರ್ಲಿಲ್ರಿ ಖಾಲಾ. ಕತ್ತಲದಾಗೇ ಹಾಕ್ಕೊಂಡು ಬಸ್ ಹಿಡದೆ. ಝಲ್ ಅಂತಿತ್ತು, ನನ್ನ ಕಾಲುಚೈನ್ ಅನ್ಕೊಂಡೆ. ಬಸ್ಸಿನ್ಯಾಗ ಲೈಟ್ ಹತ್ತಿದ ಮ್ಯಾಲ ಕಂಡಕ್ಟರ್ ಕೇಳ್ತಾನ, ‘ಲಗ್ನ ಎಲ್ಲಿ ತಾಯಿ, ಕಡಗಂಚ್ಯಾಗೇನು?’ ಅಂತ!”

“ಮತ್ತ ಗಂಡಿನವ್ರು?” ಜೈತುನಬಿಯ ಬಾಯಿಂದ ಜಾರಿತು.

“ಯಾವ ಗಂಡಿನವ್ರು? ನಮ್ಮ ಆಫೀಸಿನ ಹೆಣ್ಮಕ್ಳು ಇಪ್ಪತ್ತು ಮಂದಿ ಮೈದಾನದಾಗ ನಿಂತಿದ್ರು. ನಾ ಮುಂದ ನಿಂತು ಹೇಳಿಕೊಡೋದು. ಒಂದು ಅಂತ ಜಿಗಿದ್ರ ಝಲ್, ಎರಡು ಅಂತ ಜಿಗಿದ್ರ ಝಲ್. ಎಲ್ಲಾರೂ ನಗಾಕ ಹತ್ತಿದ್ರು, ಎಣಿಕಿ ತಪ್ಪಿ ಹೋತು. ಕೈ ಎತ್ತಿದ್ರ ಜರಿ ಕಿವೀಗೆ ಚುಚ್ಚತದ. ಬೆನ್ನು ತಿರಗಿಸಿದ್ರ ‘ಅಯ್ಯ, ನವಲು ನೋಡ್ರೆ’ ಅಂತ ಎಲ್ಲಾ ಕೆಲಸ ಬಿಟ್ಟು ಹತ್ರ ಬಂದು ಮುಟ್ಟಿ ನೋಡ್ತಾರ. ಒಬ್ಬಾಕಿಯಂತೂ ಕನ್ನಡ್ಯಾಗ ಮುಖ ನೋಡ್ಕೊಂಡು ಕುಂಕುಮ ಸರಿ ಮಾಡ್ಕೊಂಡ್ಲು!”

ಜೈತುನಬಿ ತನ್ನ ಕೈಬೆರಳನ್ನು ನೋಡಿಕೊಂಡಳು. ನಾಲ್ಕು ದಿನದ ಸೂಜಿಯ ಚುಚ್ಚು ಅಲ್ಲಿ ಇನ್ನೂ ಕೆಂಪಗಿತ್ತು. ವಿಜಯಶ್ರೀ ನಗು ನಿಲ್ಲಿಸಿ ಅಳುಕುತ್ತ ಹೇಳಿದಳು.

“ಖಾಲಾ, ಡ್ರೆಸ್ ಭಾಳ ಛಂದ ಅದ. ಖರೇನೇ. ಆದ್ರ ದಿನಾ ಇದ್ರಾಗ ಬಸ್ಕಿ ಹೊಡ್ಯಾಕ ಆಗಂಗಿಲ್ರಿ. ಇದನ್ನ ಇಟ್ಕೊಂಡು ವರ್ಕ್ ಎಲ್ಲಾ ಬಿಚ್ಚಿ ಕೊಡ್ತೀರೇನು?”

ಇಟ್ಟುಕೊಳ್ಳುವುದು ಎಂದರೆ ವಾಪಸ್. ಪರದೆಯಾಚೆ ಎದುರಿನವನ ನೆರಳು ಇನ್ನೂ ಹೊಸ್ತಿಲ ಹತ್ತಿರವೇ ಇತ್ತು, ಒಂದು ಕಿವಿ ಮುಂದೆ ಮಾಡಿಕೊಂಡು. ಬಿಚ್ಚುವುದು ಎಂದರೆ ನವಿಲಿನ ಒಂದೊಂದು ಗರಿಯನ್ನೂ ಕತ್ತರಿಯ ತುದಿಯಿಂದ ಎಳೆಯುವುದು. ಮಹೆಕ ಕಚ್ಚಿದ ಗರಿಯನ್ನೂ.

ಜೈತುನಬಿ ನೀರು ಕುಡಿದಳು. ಇಂಚುಪಟ್ಟಿಯನ್ನು ಕೊರಳಿಗೆ ಹಾಕಿಕೊಂಡಳು. ಆಮೇಲೆ, ಇಪ್ಪತ್ತಾರು ವರ್ಷದಲ್ಲಿ ಯಾವ ಗಿರಾಕಿಗೂ ಕೇಳದ್ದನ್ನು, ಎದುರಿನವನಿಗೆ ಕೇಳಿಸದಂತೆ ದನಿ ಸಣ್ಣ ಮಾಡಿ ಕೇಳಿದಳು.

“ವರ್ಕೌಟ್ ಅಂದ್ರ ಏನವ್ವಾ?”

ವಿಜಯಶ್ರೀ ಬಾಯಿ ತೆರೆಯುವ ಮೊದಲೇ ನೂರೀನ ಕೂಸನ್ನು ಎತ್ತಿಕೊಂಡು ಪರದೆಯೊಳಗೆ ಬಂದಳು. ಮಾತಿಲ್ಲದೆ, ಕೂಸನ್ನು ಎದೆಗವಚಿಕೊಂಡು ಕೂತಳು, ಎದ್ದಳು, ಕೂತಳು, ಎದ್ದಳು. ಕೂಸಿಗೆ ಇದು ಆಟವೆನಿಸಿ ಕೇಕೆ ಹಾಕಿತು. ವಿಜಯಶ್ರೀಯೂ ಪಕ್ಕದಲ್ಲಿ ನಿಂತು ಕೈ ಮೇಲೆತ್ತಿದಳು, ಪಕ್ಕಕ್ಕೆ ಬಾಗಿದಳು, ಝಲ್ ಎಂದು ಜಿಗಿದಳು.

“ಇಷ್ಟೇನಾ?” ಅಂದಳು ಜೈತುನಬಿ. “ಇದನ್ನ ನಾ ದಿನಾ ಮಾಡ್ತೇನಿ. ಕೆಳಗ ಬಿದ್ದ ಗುಂಡಿ ಆರ್ಸಾಕ ನೂರು ಸಲ ಬಸ್ಕಿ. ಮ್ಯಾಲಿನ ಹಲಗಿ ಮ್ಯಾಲಿಂದ ಬಟ್ಟಿ ತೆಗ್ಯಾಕ ಕೈ ಎತ್ತೋದು. ಮಷೀನ್ ತುಳ್ಯೋದು ಬ್ಯಾರೆ. ನನಗ ಯಾರೂ ಇದಕ್ಕ ಇಂಗ್ಲಿಷ್ ಹೆಸರು ಹೇಳಿರ್ಲಿಲ್ಲ.”

“ಮೊದ್ಲ ದಿನಾನೇ ಹೇಳಿದ್ದೆ ಅಮ್ಮೀ,” ಅಂದಳು ನೂರೀನ.

“ನೀ ಬಾಯಿಲೆ ಹೇಳಿದಿ. ಹಿಂಗ ಮಾಡಿ ತೋರಿಸಿದ್ರ ತಿಳೀತಿರ್ಲಿಲ್ಲೇನು?” ಎಂದು ಗದರಿಸಿ, ಸೊಸೆಯ ಕೆನ್ನೆ ಚಿವುಟಿದಳು.

ಆಮೇಲೆ ಬೇಗ ಬೇಗ ಕೆಲಸ ನಡೆಯಿತು. ಹುಡುಗಿಯನ್ನು ಮತ್ತೊಮ್ಮೆ ಬಸ್ಕಿ ಕೂರಿಸಿ, ಕೂತಲ್ಲೇ ಅಳತೆ ಹಿಡಿದಳು. ಮೊಳಕಾಲಿಗೆ ಎಷ್ಟು, ಕೂತಾಗ ಸೊಂಟದ ಹಿಂದೆ ಎಷ್ಟು ಎಳೆಯುತ್ತದೆ, ಕೈ ಎತ್ತಿದರೆ ಬಗಲಿಗೆ ಎಷ್ಟು ಬಟ್ಟೆ ಬೇಕು. ಎರಡು ಕಾಲಿನ ನಡುವೆ ಒಂದು ಚೌಕ ತುಂಡು ಕೂಡಿಸಬೇಕು, ಇಲ್ಲದಿದ್ದರೆ ಹೊಲಿಗೆ ತಡೆಯುವುದಿಲ್ಲ. ಅಳತೆಯ ಪುಸ್ತಕದಲ್ಲಿ ಹೊಸ ಪುಟ ತೆಗೆದು ‘ನಿಂತ ಅಳತಿ, ಕುಂತ ಅಳತಿ’ ಎಂದು ಎರಡು ಸಾಲು ಬರೆದಳು.

“ಬ್ಯಾರೆ ಹೊಲೀತೇನಿ. ಬಟ್ಟಿ ನಂದು. ನಾಡದು ಒಯ್ಯಿ.”

“ಮತ್ತ ಇದು?”

“ಇದು ನಿನ್ನ ಮನ್ಯಾಗೇ ಇರ್ಲಿ. ಇದೂ ವರ್ಕೌಟ್ ಡ್ರೆಸ್ಸೇ, ಬಸವಂತರಾಯರ ವರ್ಕೌಟಿಂದು. ಯಾವಾಗ ಬೇಕನ್ನಸ್ತದ ಆವಾಗ ಹಾಕ್ಕೋ. ಬ್ಯಾಡ ಅನ್ನಿಸಿದ್ರ ಗೆಳತಿ ಲಗ್ನಕ್ಕ ಹಾಕ್ಕೋ. ಖರೆ ಇಲ್ಲಿ ಬಿಟ್ಟು ಹೋಗಬ್ಯಾಡ.”

ವಿಜಯಶ್ರೀ ಪರದೆಯ ಸಂದಿಯಿಂದ ಹೊರಗಿನ ನೆರಳನ್ನು ನೋಡಿದಳು. ಜೈತುನಬಿಯ ಮುಖ ನೋಡಿದಳು. ಅವಳಿಗೆ ಎಲ್ಲ ತಿಳಿಯಿತು. ಪರದೆ ಸರಿಸಿ, ಬೇಕೆಂದೇ ಕಾಲು ಝಾಡಿಸಿ ಗೆಜ್ಜೆ ಬಾರಿಸುತ್ತ ಹೊಸ್ತಿಲು ದಾಟಿದಳು. “ಇನ್ನೊಂದು ಹೊಲೀರಿ ಖಾಲಾ!” ಎಂದು ಗಲ್ಲಿಗೆಲ್ಲ ಕೇಳುವ ಹಾಗೆ ಕೂಗಿ ಹೋದಳು. ನವಿಲು ಬಿಸಿಲಲ್ಲಿ ಮಿಂಚುತ್ತ ದೂರವಾಯಿತು. ಗೌಸಮೊಹಿದ್ದೀನ ಕಣ್ಣು ತಿಕ್ಕಿಕೊಳ್ಳುತ್ತ ತನ್ನ ಅಂಗಡಿಗೆ ಹೋದ.

ಆ ಮಧ್ಯಾಹ್ನ ಜೈತುನಬಿ ಗಂಡನ ಮುಂದೆ ಮಾತ್ರ ಒಪ್ಪಿಕೊಂಡಳು.

“ಅಜೀ, ಅದು ಒಂದ್ ಲೆಕ್ಕದಾಗ ವಾಪಸ್ ಬಂದಂಗೇ ಅಲ್ಲೇನ್ರಿ?”

ಅಬ್ದುಲ್ ಗನಿ ಬಹಳ ಗಂಭೀರವಾಗಿ ವಿಚಾರ ಮಾಡಿದ.

“ಹಾದ್ಯಾಗ ಗಾಡಿ ನಿಂತು, ಮಂದಿ ಇಳದು, ಅದೇ ಗಾಡಿ ಮತ್ತ ಮುಂದಕ್ಕ ಹೋದ್ರ ಅದಕ್ಕ ವಾಪಸ್ ಅನ್ನಂಗಿಲ್ಲ. ಬ್ರೇಕ್‌ಡೌನ್ ಅಂತ ಬರ್ಕೋತೀವಿ.”

ಅಷ್ಟು ಕೇಳಿ ಅವಳು ಹೊಟ್ಟೆ ತುಂಬ ಉಂಡಳು.

ಹೊಸ ಡ್ರೆಸ್ಸು ಸಾದಾ ಇತ್ತು, ಸಡಿಲ ಇತ್ತು. ವರ್ಕು ಔಟ್ ಗೇಟಿನಿಂದ ಹೋಗಿಯೇಬಿಟ್ಟಿತ್ತು. ವಿಜಯಶ್ರೀ ಅದರಲ್ಲಿ ಐವತ್ತು ಬಸ್ಕಿ ಹೊಡೆದಳೆಂದು ಸುದ್ದಿ ಬಂತು. ಹಿಂದೆಯೇ ಆ ಇಪ್ಪತ್ತು ಹೆಂಗಸರಲ್ಲಿ ಕೆಲವರು ಬಂದು ಅಳತೆ ಕೊಟ್ಟರು. ಜೈತುನಬಿಯ ಹತ್ತಿರ ಸಾಲು ಉದ್ದವಾದಾಗ ಇಬ್ಬರು ಎದುರಿನ ಗಾಜಿನ ಬಾಗಿಲಿಗೆ ಹೋದರು.

ಅದಾದ ಮರುದಿನ ಮಧ್ಯಾಹ್ನ, ಗಲ್ಲಿಯಲ್ಲಿ ಯಾರೂ ಇಲ್ಲದ್ದು ನೋಡಿ, ಗೌಸಮೊಹಿದ್ದೀನ ಮೆಲ್ಲಗೆ ಹೊಸ್ತಿಲಿಗೆ ಬಂದ. ಒಂದು ಸಲ ಕೆಮ್ಮಿದ.

“ಆಪಾ, ಸುಮ್ಮ ಹಂಗ ಕೇಳ್ತೇನಿ. ವರ್ಕೌಟ್ ಡ್ರೆಸ್ ಅಂದ್ರ ಏನಂತ ನಿಮಗ ಗೊತ್ತದೋ ಇಲ್ಲೋ ನೋಡೂಣು.”

ಜೈತುನಬಿಗೆ ಕನ್ನಡಿಯಲ್ಲಿ ತನ್ನನ್ನೇ ನೋಡಿದ ಹಾಗಾಯಿತು. ನಗು ತಡೆದುಕೊಂಡು ಕೊರಳ ಇಂಚುಪಟ್ಟಿ ತೆಗೆದಳು.

“ಬಾಯಿಲೆ ಹೇಳೋದಲ್ಲ ಮಾಸ್ತರ, ಮಾಡಿ ತಿಳ್ಕೋಳೋದು. ಇಲ್ಲಿ ನಿಲ್ಲು. ಕೈ ಮ್ಯಾಲ. ಹಾಂ. ಈಗ ಕುಂದ್ರು.”

“ಇಲ್ಲೇ?”

“ಇಲ್ಲೇ. ಪೂರ್ತಿ ಕುಂದ್ರು, ಅರ್ಧಾ ಅಲ್ಲ. ಏಳು. ಕುಂದ್ರು. ಏಳು. ನೂರೀನ, ಎಣಸು ಬೇ.”

ನೂರೀನ ಎಣಿಸಿದಳು. ಮಹೆಕ ಚಪ್ಪಾಳೆ ತಟ್ಟಿತು. ಮಾಸ್ತರ ಮೂರು ಬಸ್ಕಿಯನ್ನು ಹುರುಪಿನಿಂದಲೇ ಹೊಡೆದ. ನಾಲ್ಕನೆಯದಕ್ಕೆ ಪೂರ್ತಿ ಕೂತ.

ಚರ್ರ್!

ಮಾಸ್ತರ ಕೂತಲ್ಲೇ ಎರಡೂ ಕೈ ಹಿಂದಕ್ಕೆ ಒಯ್ದ.

“ಮಾಸ್ತರ,” ಅಂದಳು ಜೈತುನಬಿ ಬಹಳ ಮೃದುವಾಗಿ, “ಈ ಪ್ಯಾಂಟ್ ಹೊಲ್ದೋರು ಯಾರು?”

“...ನಾನೇ.”

“ಹಂಗಾರ ಎಲ್ಲಿಗೆ ವಾಪಸ್ ಹೋಗ್ಬೇಕು?”

ಕತ್ತರಿಸಿ ಉಳಿದ ನೀಲಿ ತುಂಡನ್ನು ಅವಳೇ ಎತ್ತಿ ಅವನ ಸೊಂಟಕ್ಕೆ ಸುತ್ತಲು ಕೊಟ್ಟಳು. ಎಷ್ಟಾದರೂ ಹದಿನೈದು ವರ್ಷದ ನೆರೆಮನೆ. ಮಾಸ್ತರ ಅದನ್ನು ಹಿಂದಕ್ಕೆ ಒತ್ತಿ ಹಿಡಿದು, ಮುಖ ಇವರ ಕಡೆಗೇ ಇಟ್ಟುಕೊಂಡು, ಹಿಮ್ಮುಖವಾಗಿ ಒಂದೊಂದೇ ಹೆಜ್ಜೆ ಇಡುತ್ತ ಗಲ್ಲಿ ದಾಟಿದ. ಗಾಜಿನ ಬಾಗಿಲು ಬೆನ್ನಿಗೆ ತಾಗಿದ ಮೇಲೆ ಅವನಿಗೆ ಧೈರ್ಯ ಬಂತು.

“ವಾಪಸ್ ಅಲ್ಲ ಆಪಾ!” ಎಂದು ಅಲ್ಲಿಂದಲೇ ಕೂಗಿದ. “ಮೈಮ್ಯಾಲ ಅದ!”